ಅವ್ವನ ಕೈ ಬೋಣಿ

ಹೊನ್ನಾಳಿ ಬಸ್ ನಿಲ್ದಾಣದ ಹತ್ತಿರ ಅವ್ವನದೊಂದು ಮಂಡಕ್ಕಿ-ಮಿರ್ಚಿ ಅಂಗಡಿ ಇತ್ತು. ನ್ಯಾಮತಿ, ಚನ್ನಗಿರಿ ಬಸ್ಸು ಕಾಯುವವರೇ ಗಿರಾಕಿಗಳು. ಆದರೆ ಅವ್ವ ಹೆಸರಾಗಿದ್ದು ಮಿರ್ಚಿಗಲ್ಲ, ಕೈಗುಣಕ್ಕೆ. ಆ ಬೀದಿಯಲ್ಲಿ ಯಾರೇ ಹೊಸ ಅಂಗಡಿ ತೆರೆಯಲಿ, ಮೊದಲ ವ್ಯಾಪಾರ ಅವಳ ಕೈಯಿಂದಲೇ ಆಗಬೇಕು. ಅವಳು ಕೊಟ್ಟ ನೋಟನ್ನು ಕಣ್ಣಿಗೊತ್ತಿಕೊಂಡು ದೇವರ ಪಟದ ಮುಂದೆ ಇಡುತ್ತಿದ್ದರು. ಕಟಿಂಗ್ ಶಾಪಿನವನು ಕರೆದಾಗ ಬೋಣಿಗೆಂದು ನನ್ನ ತಲೆಯನ್ನೇ ಕೊಟ್ಟಳು.

ಎದುರಿಗೆ ಗಾಜಿನ ಬಾಗಿಲಿನ ಹೋಟೆಲ್ ಎದ್ದಾಗ ಅದರ ಯಜಮಾನ ತಾನೇ ಕರೆಯಲು ಬಂದ. ಸುತ್ತಲ ತಾಲೂಕುಗಳಲ್ಲಿ ಓಸಿ, ಮಟ್ಕಾ ಜೂಜು ಆಡಿಸುವವನೆಂದು ಎಲ್ಲರಿಗೂ ಗೊತ್ತಿದ್ದ ಮನುಷ್ಯ. ಮಾತು ಮಾತ್ರ ಬೆಣ್ಣೆ.

"ಅಕ್ಕಾರೆ, ನಾಳೆ ನೀವೇ ಬೋಣಿ ಮಾಡ್ಬೇಕ್ರಿ. ನಿಮ್ಮ ಕೈಗುಣ ಭಾಳ ಚೆನ್ನಾಗೈತೆ ಅಂತಾರೆ."

ನಾನು ಬೇಡವೆಂದೆ. "ಬೋಣಿಗೆ ಕರೆದೋರಿಗೆ ಒಲ್ಲೆ ಅನ್ನಾಕೆ ಆಗ್ತೈತೇನಪ್ಪ?" ಎಂದು ಅವ್ವ ಮದುವೆಗೆ ಉಡುವ ಸೀರೆ ಉಟ್ಟು ಹೋಗಿ ದೋಸೆ ತಿಂದು ಬಂದಳು. ದೋಸೆ ಚೆನ್ನಾಗಿತ್ತಂತೆ.

ಅಲ್ಲಿ ಮಿರ್ಚಿಯನ್ನೂ ಕರಿಯತೊಡಗಿದರು. ಅವರು ಇಟ್ಟ ಬೆಲೆ ನಮ್ಮ ಎಣ್ಣೆಯ ಖರ್ಚಿಗೂ ಸಾಲುತ್ತಿರಲಿಲ್ಲ. ಹೀಗೆ ಮಾರಿದರೆ ದೀಪಾವಳಿಯೊಳಗೆ ಬಾಗಿಲು ಹಾಕುತ್ತಾನೆ ಎಂದುಕೊಂಡೆ. ಒಂದು ಮಧ್ಯಾಹ್ನ ಚಿಲ್ಲರೆಗೆಂದು ಒಳಗೆ ಹೋದೆ. ಒಬ್ಬ ಗಿರಾಕಿಯೂ ಇರಲಿಲ್ಲ, ಬಿಲ್ ಮಿಷನ್ ಮಾತ್ರ ಒಂದೇ ಸಮನೆ ಬಿಲ್ ಹೊರಹಾಕುತ್ತಿತ್ತು. ಆಗ ತಿಳಿಯಿತು. ಓಸಿಯ ದುಡ್ಡು ಅಲ್ಲಿ ದೋಸೆ ಮಾರಿದ ದುಡ್ಡಾಗಿ ಹೊರಬರುತ್ತಿತ್ತು. ಅವನಿಗೆ ದೋಸೆಯಲ್ಲಿ ಲಾಭ ಬೇಕಿರಲಿಲ್ಲ. ನಮ್ಮ ಮೇಲೆ ಹಗೆಯೂ ಇರಲಿಲ್ಲ. ಹಗೆ ಇದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ನಮ್ಮ ಹಳೆಯ ಗಿರಾಕಿಗಳು ಮುಖ ತಪ್ಪಿಸಿಕೊಂಡು ಆ ಕಡೆ ದಾಟಿದರು. ಅವ್ವ ತನ್ನ ಮಿರ್ಚಿಯದೇ ತಪ್ಪೆಂದು ತಿಳಿದಳು. ಹಿಟ್ಟು ಬದಲಿಸಿದಳು. ಜಗಳೂರಿನ ಗಾಣದಿಂದ ಶೇಂಗಾ ಎಣ್ಣೆ ತರಿಸಿದಳು. ಅದು ರುಚಿಯ ಮಾತಲ್ಲ, ಓಸಿ ದುಡ್ಡಿನ ಆಟ ಎಂದು ಬಿಡಿಸಿ ಹೇಳಿದೆ. "ದುಡ್ಡಿದ್ರೆ ಜನ ಬಂದುಬಿಡ್ತಾರೇನು? ನಾನೇ ಬೋಣಿ ಮಾಡಿದ್ನಲ್ಲ, ಅದಕ್ಕೇ ನಡೀತೈತೆ" ಎಂದಳು. ನನಗೆ ಸಿಟ್ಟು ನೆತ್ತಿಗೇರಿತು, ಅವನ ಮೇಲಲ್ಲ, ಅವಳ ಮೇಲೆ.

ಮಳೆಗಾಲದ ಹೊತ್ತಿಗೆ ಬಾಣಲೆ ಮನೆಗೆ ಬಂತು. ಮರುವರ್ಷ ಪೊಲೀಸರು ಅವನನ್ನು ಕರೆದೊಯ್ದರು. ಗಾಜಿನ ಬಾಗಿಲಿಗೂ ಬೀಗ ಬಿತ್ತು. ಅಷ್ಟರಲ್ಲಿ ಆ ಸಾಲಿನ ಇನ್ನೂ ಮೂರ್ನಾಲ್ಕು ಸಣ್ಣ ಹೋಟೆಲುಗಳು ಮುಚ್ಚಿದ್ದವು.

ಮೊನ್ನೆ ನಮ್ಮ ಹಳೆಯ ಜಾಗದಲ್ಲಿ ಟೀ ಅಂಗಡಿ ಇಡುವ ಹೆಂಗಸೊಬ್ಬಳು ಮನೆಗೆ ಬಂದು, "ಅಮ್ಮಾರೆ, ಬೋಣಿ ಮಾಡಾಕೆ ನೀವೇ ಬರ್ಬೇಕ್ರಿ" ಎಂದಳು.

ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬ್ಯಾಡವ್ವ, ಬೇರೆ ಯಾರನ್ನಾದ್ರೂ ಕರಿ. ನನ್ನ ಕೈ ಬೋಣಿಯಿಂದ ಆ ಹೋಟ್ಲು ಎಷ್ಟು ಚೆನ್ನಾಗಿ ನಡೀತು, ನೋಡಿಲ್ಲೇನು?"