ಬೆಂಕಿಯ ಅಂಚಿನಲ್ಲಿ ನಿಂತವರು

ಅವ್ವನ ಟ್ರಂಕಿನ ಮುಚ್ಚಳ ತೆಗೆದರೆ ಮೊದಲು ಬರುವುದು ಒಣಗಿದ ಬೇವಿನೆಲೆಯ ಕಹಿ ವಾಸನೆ, ಅದರ ಬೆನ್ನಿಗೇ ಹಳೆಯ ಪೇಪರಿನ ವಾಸನೆ. ಹೋದ ವಾರ ಆಳಂದದ ನಮ್ಮ ಮನೆಯ ಅಟ್ಟದಿಂದ ಅದನ್ನು ಇಳಿಸಿ ತೆಗೆದಾಗ ಎರಡೂ ಒಟ್ಟಿಗೆ ಮೂಗಿಗೆ ಬಡಿದು, ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅದು ಸೀರೆಯ ಟ್ರಂಕಲ್ಲ. ಅವ್ವನಿಗೆ ಇದ್ದ ನಾಲ್ಕು ಸೀರೆ ಸದಾ ಹಗ್ಗದ ಮೇಲೇ ಇರುತ್ತಿದ್ದವು. ಟ್ರಂಕಿನಲ್ಲಿ ಇದ್ದದ್ದು ಬೆಂಕಿ. ಮುಂಬಯಿಯ ಬೆಂಕಿ, ಕಲ್ಕತ್ತೆಯ ಬೆಂಕಿ, ದಿಲ್ಲಿಯ ಬೆಂಕಿ. ಗಿರಣಿ, ಬಂದರಿನ ಗೋದಾಮು, ಬಟ್ಟೆ ಬಜಾರು, ಜೋಪಡಪಟ್ಟಿ, ಎಲ್ಲೆಲ್ಲಿ ಬೆಂಕಿ ಬಿದ್ದು ಪೇಪರಿನಲ್ಲಿ ಫೋಟೋ ಬಂದಿತ್ತೋ ಅದೆಲ್ಲ ಕತ್ತರಿಸಿ, ಮಡಚದೆ, ಒಂದರ ಮೇಲೊಂದು ಇಟ್ಟದ್ದು. ಅಕ್ಷರ ಬಾರದ ಹೆಂಗಸೊಬ್ಬಳು ನಮ್ಮ ಹಳ್ಳಿ ಹಿರೋಳ್ಳಿಯಂಥ ಊರಿನಲ್ಲಿ ಕೂತು ದೊಡ್ಡ ದೊಡ್ಡ ಶಹರಗಳ ಬೆಂಕಿಯನ್ನೆಲ್ಲ ಜಮಾ ಮಾಡಿದ್ದಳು ಎಂದರೆ ನಿಮಗೆ ನಗು ಬಂದೀತು. ಊರವರೂ ನಗುತ್ತಿದ್ದರು. ನಾನು ಮಾತ್ರ ನಗುವ ಹಾಗಿರಲಿಲ್ಲ, ಏಕೆಂದರೆ ಆ ಟ್ರಂಕು ತುಂಬಿದ್ದು ನಾನು ಹೇಳಿದ ಒಂದು ಸುಳ್ಳಿನಿಂದ. ಒಂಬತ್ತು ವರ್ಷದವಳಿದ್ದಾಗ ಹೇಳಿದ ಸುಳ್ಳು ಅದು.

ಆಗ ನಾವು ಮುಂಬಯಿಯಲ್ಲಿದ್ದೆವು. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಗೆ ಹತ್ತಿಕೊಂಡು ಸಾಲುಸಾಲಾಗಿ ಎದ್ದ ಜೋಪಡಿಗಳು. ನಮ್ಮ ಸಾಲಿನಲ್ಲಿ ಎಲ್ಲರೂ ನಮ್ಮ ಕಡೆಯವರೇ. ಆಳಂದದವರು, ಅಫಜಲಪುರದ ಗೊಬ್ಬೂರದವರು, ಜೇವರ್ಗಿಯವರು. ಗಂಡಸರು ಗೌಂಡಿ ಕೆಲಸಕ್ಕೆ, ಹೆಂಗಸರು ಸ್ಲ್ಯಾಬಿಗೆ ಬುಟ್ಟಿ ಹೊರಲು. ಮನೆ ಎಂದರೆ ನಾಲ್ಕು ತಗಡು, ಎರಡು ಗೋಣಿತಾಟು, ಮೇಲೆ ಪ್ಲಾಸ್ಟಿಕ್ಕು, ಅದು ಹಾರಿ ಹೋಗದಂತೆ ನಾಲ್ಕು ಕಲ್ಲು. ಆದರೂ ಅದನ್ನು ನೆನೆದರೆ ನನಗೆ ಈಗಲೂ ಬಾಯಲ್ಲಿ ನೀರೂರುತ್ತದೆ, ಏನು ಮಾಡಲಿ! ಬೆಳಗಿನ ಹೊತ್ತು ಸಾಲಿನ ಈ ತುದಿಯಿಂದ ಆ ತುದಿಯವರೆಗೆ ರೊಟ್ಟಿ ಬಡಿಯುವ ಸಪ್ಪಳ ಏಳುತ್ತಿತ್ತು. ಖಾಡಿಯ ಕೊಳೆತ ನೀರಿನ ನಾತ, ಸ್ಟೋಗಳ ಘಾಸಲೇಟಿನ ವಾಸನೆ, ಅದರ ನಡುವೆಯೇ ಕಾದ ಹಂಚಿನ ಮೇಲೆ ಬಿದ್ದ ಜೋಳದ ಹಿಟ್ಟಿನ ಘಮ. ಅಪ್ಪ ಗೋಡೆಗೆ ಬುದ್ಧನ ಪಟ ಹಾಕಿದ್ದ. ಮಳೆ ಬಂದಾಗ ಮೊದಲು ಅದನ್ನು ಇಳಿಸಿ ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದ, ಆಮೇಲೆ ಹಿಟ್ಟಿನ ಡಬ್ಬಿ, ಆಮೇಲೆ ನಾವು. ನನ್ನ ತಂಗಿ ಸುಜಾತಾಗೆ ಆಗ ನಾಲ್ಕು ವರ್ಷ. ಮಲಗುವಾಗ ನನ್ನ ಜಡೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗುತ್ತಿದ್ದಳು, ನಾನು ಎದ್ದು ಎಲ್ಲಾದರೂ ಹೋದೇನು ಎಂಬ ಅನುಮಾನ ಅವಳಿಗೆ. ಎಚ್ಚರವಿದ್ದಾಗ ಅವಳ ಬಾಯಲ್ಲಿ ಒಂದೇ ಮಾತು: “ಯಕ್ಕಾ, ನಾನೂ ಬರ್ತೇನಿ.”

ಅಪ್ಪ ಅವ್ವ ಕೆಲಸಕ್ಕೆ ಹೋದರೆ ಸುಜಾತಾ ನನ್ನ ಪಾಲು. ನಮ್ಮ ಸಾಲಿನ ತಾಯಂದಿರೆಲ್ಲರೂ ಮಕ್ಕಳಿಗೆ ಹೇಳುತ್ತಿದ್ದ ಮಾತನ್ನೇ ಅವ್ವ ನನಗೂ ದಿನಾ ಹೇಳಿ ಹೋಗುತ್ತಿದ್ದಳು. “ಎಲ್ಲಿ ಹೋದ್ರೂ ಹೊರಗಿಂದ ಕೊಂಡಿ ಹಾಕಿ ಹೋಗು ನೋಡು. ಖಾಡಿ ಕಡೀಗಿ ಹೋದ್ಳಂದ್ರ ಮುಗೀತು.” ಹಿಂದಿನ ವರ್ಷ ಗೊಬ್ಬೂರದವರ ಕೂಸೊಂದು ಖಾಡಿಯಲ್ಲಿ ಬಿದ್ದಿತ್ತು, ಅಂದಿನಿಂದ ಎಲ್ಲ ಬಾಗಿಲಿಗೂ ಹೊರಗಡೆ ಕಬ್ಬಿಣದ ಕೊಂಡಿ ಬಂದಿತ್ತು. ಆ ದಿನ ಮಧ್ಯಾಹ್ನ ನಳಕ್ಕೆ ನೀರು ಬಂತೆಂದು ಯಾರೋ ಕೂಗಿದರು. ಸುಜಾತಾ ಮಲಗಿದ್ದಳು. ಅವಳ ಮುಷ್ಟಿಯಿಂದ ಜಡೆಯನ್ನು ಬಿಡಿಸಿಕೊಂಡು, ಕೊಡ ಎತ್ತಿಕೊಂಡು, ಕೊಂಡಿ ಹಾಕಿ ಓಡಿದೆ. ನಳ ಇದ್ದದ್ದು ರಸ್ತೆಯ ಆಚೆ. ಪಾಳಿ ಹಚ್ಚಿ ನಿಂತಾಗ ನನ್ನ ಮುಂದೆ ಹದಿನೈದು ಇಪ್ಪತ್ತು ಕೊಡಗಳಿದ್ದವು. ಯಾರದೋ ಸ್ಟೋ ಸಿಡಿಯಿತೆಂದು ಆಮೇಲೆ ಹೇಳಿದರು. ನನಗೆ ಕಂಡದ್ದು ಹೊಗೆ ಮಾತ್ರ. ಆಮೇಲೆ ಸಿಲಿಂಡರು ಒಡೆದಂಥ ಸದ್ದು. ಆಮೇಲೆ ನಮ್ಮ ಸಾಲಿನ ಕಡೆ ಹೋಗದಂತೆ ನನ್ನನ್ನು ಎತ್ತಿ ಹಿಡಿದ ಒಬ್ಬ ಗಂಡಸಿನ ಕೈ. ಆ ಕೈಯನ್ನು ನಾನು ಕಚ್ಚಿದೆ. ಅವನು ಬಿಡಲಿಲ್ಲ. ಸಂಜೆ ಅವ್ವ ಕೆಲಸದಿಂದ ಬರುವ ಹೊತ್ತಿಗೆ ನಾಲ್ಕು ಸಾಲು ಸುಟ್ಟು ನೆಲಸಮವಾಗಿತ್ತು.

ಅವ್ವ ಓಡಿ ಬಂದು ನನ್ನ ಎರಡೂ ತೋಳು ಹಿಡಿದಳು. ಅವಳ ಮುಖದ ಮೇಲೆ ಸಿಮೆಂಟಿನ ಪುಡಿ ಇತ್ತು. ತಂಗಿ ಎಲ್ಲಿ ಎಂದು ಕೇಳಲಿಲ್ಲ. “ಕೊಂಡಿ ಹಾಕಿದ್ದಿ ಏನ್ ಬೇ?” ಎಂದಳು. ಆ ಕಣ್ಣು ಯಾವ ಉತ್ತರ ಬೇಡುತ್ತಿದೆ ಎಂಬುದು ಒಂಬತ್ತು ವರ್ಷದವಳಿಗೂ ತಿಳಿಯುತ್ತಿತ್ತು. ಹೊಡೆತದ ಹೆದರಿಕೆಯೂ ಇತ್ತು, ನಿಮ್ಮ ಮುಂದೆ ಸುಳ್ಳು ಯಾಕೆ ಹೇಳಲಿ. “ಇಲ್ಲ ಅವ್ವಾ, ಮರ್ತು ಹೋಗಿದ್ದೆ” ಎಂದೆ. ಮರೆತದ್ದಕ್ಕೆ ಸದಾ ಬೆನ್ನಿಗೆ ಬಾರಿಸುತ್ತಿದ್ದ ಅವ್ವ ಅಂದು ನನ್ನನ್ನು ಎದೆಗವಚಿಕೊಂಡಳು. “ಚಲೋ ಮಾಡ್ದಿ ನನ್ನವ್ವಾ, ಮರ್ತಿದ್ದು ಚಲೋ ಮಾಡ್ದಿ” ಎನ್ನುತ್ತ ನನ್ನ ತಲೆ ನೇವರಿಸಿದಳು. ಬಾಗಿಲು ತೆರೆದಿತ್ತು ಎಂದರೆ ಮಗು ಎದ್ದು ಹೊರಗೆ ಬಂದಿರುತ್ತದೆ, ಮಂದಿಯ ಜೊತೆ ಓಡಿರುತ್ತದೆ, ಯಾರದೋ ಸೆರಗು ಹಿಡಿದು ಎಲ್ಲೋ ನಿಂತಿರುತ್ತದೆ. ಅವ್ವನ ಲೆಕ್ಕ ಅಷ್ಟು ಸರಳವಾಗಿತ್ತು. ಬೂದಿಯಲ್ಲಿ ನಮ್ಮದೆಂದು ಗುರುತು ಹಿಡಿಯುವಂಥದ್ದು ಏನೂ ಸಿಗಲಿಲ್ಲ, ಎಲ್ಲವನ್ನೂ ಒಟ್ಟಿಗೆ ಎಳೆದು ಗುಡ್ಡೆ ಹಾಕಿದ್ದರು.

ಮೂರು ದಿನದ ಮೇಲೆ ಒಂದು ಶಾಲೆಯ ಬಯಲಿನಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಮನೆಮನೆಗೆ ಒಂದರಂತೆ ಫೋಟೋ ತೆಗೆದರು. ತಗಡು, ಕಂಬಳಿ ಕೊಡಲು ಯಾದಿ ಬೇಕಿತ್ತು. ಬರೆದುಕೊಳ್ಳುವವನು ಹಿಂದಿಯಲ್ಲಿ ಎಷ್ಟು ಜನ ಎಂದು ಕೇಳಿದ. ಅಪ್ಪ “ತೀನ್” ಎಂದ. ಅವ್ವ ಅವನನ್ನು ತಳ್ಳಿ ಮುಂದೆ ಬಂದು “ಚಾರ್” ಎಂದಳು. ನಾಲ್ಕನೆಯವರು ಎಲ್ಲಿ ಎಂದು ಅವನು ಕೇಳುವ ಮುನ್ನವೇ, ಪಕ್ಕದಲ್ಲಿ ನಿಂತಿದ್ದ ಜೇವರ್ಗಿಯ ಲಕ್ಷ್ಮವ್ವನ ಮಗಳು ರತ್ನಾಳನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು. ಯಾದಿಯಲ್ಲಿ ಹೆಸರು ಬಿಟ್ಟು ಹೋದರೆ ಮಗು ಸತ್ತಿತೆಂದೇ ಆಗುತ್ತದೆ, ನಾಳೆ ಸಿಕ್ಕರೂ ನಮ್ಮದೆಂದು ಯಾರೂ ಒಪ್ಪುವುದಿಲ್ಲ ಎಂಬುದು ಅವಳ ಹೆದರಿಕೆ. ಲಕ್ಷ್ಮವ್ವ ತಡೆಯಲಿಲ್ಲ. “ನಿಂದ್ರಲಿ ತಗೋ ಯಕ್ಕಾ, ಕೂಡೇ ಆಡಿದ ಪೋರಿಗೋಳು” ಎಂದು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಆ ಫೋಟೋದ ಒಂದು ಪ್ರತಿ ನಮಗೂ ಸಿಕ್ಕಿತು. ಅಪ್ಪ ನೆಲ ನೋಡುತ್ತಿದ್ದಾನೆ, ನಾನು ಅಪ್ಪನ ಅಂಗಿ ಹಿಡಿದಿದ್ದೇನೆ, ಅವ್ವ ನೆಟ್ಟಗೆ ನಿಂತಿದ್ದಾಳೆ, ಅವಳ ಸೊಂಟದ ಮೇಲೆ ಬೇರೆಯವರ ಮಗು ನಗುತ್ತಿದೆ. ಸುಜಾತಾಳದೆಂದು ಹೇಳಲು ಬೇರೆ ಯಾವ ಫೋಟೋವೂ ಇರಲಿಲ್ಲ. ಆದ್ದರಿಂದ ಹಿರೋಳ್ಳಿಗೆ ವಾಪಸು ಬಂದ ಮೇಲೆ ಅದನ್ನೇ ಗೋಡೆಗೆ ಹಾಕಿದೆವು.

ಊರಿಗೆ ಬಂದ ವರ್ಷವೇ ಟ್ರಂಕು ತುಂಬತೊಡಗಿತು. ಕಿರಾಣಿ ಅಂಗಡಿಗೆ ಸೊಲ್ಲಾಪುರದಿಂದ ರದ್ದಿ ಬರುತ್ತಿತ್ತು, ಮರಾಠಿಯದೋ ಕನ್ನಡದ್ದೋ. ಅಂಗಡಿಯ ಕಾಕಾ ಬೆಲ್ಲ ಕಟ್ಟುವ ಮೊದಲು ಹಾಳೆ ತಿರುವಿ ನೋಡಿ, “ಬೆಂಕೀದು ಬಂದಾದ ನೋಡವ್ವಾ” ಎಂದು ತೆಗೆದಿಡುತ್ತಿದ್ದ. ಅವ್ವ ಮನೆಗೆ ತಂದು ಬೆಳಕಿಗೆ ಕೂತು, ಎಡ ಅಂಗೈಯಿಂದ ಬೆಂಕಿಯನ್ನು ಮುಚ್ಚುತ್ತಿದ್ದಳು. ಹೌದು, ಮುಚ್ಚುತ್ತಿದ್ದಳು. ಬೆಂಕಿ ಅವಳಿಗೆ ಬೇಕಾಗಿರಲಿಲ್ಲ. ಅಂಗೈಯ ಹೊರಗೆ ಉಳಿದ ಅಂಚಿನಲ್ಲಿ ನಿಂತವರು ಬೇಕಿತ್ತು: ಕೊಡ ಹೊತ್ತ ಹೆಂಗಸರು, ಗಂಟು ಹಿಡಿದವರು, ಅವರ ಕಾಲ ನಡುವಿನಿಂದ ಇಣುಕುವ ಮಕ್ಕಳು. ಆಳಂದದ ಗಡಿಯಾರ ರಿಪೇರಿಯವನ ಹತ್ತಿರ ಕಾಡಿ ಬೇಡಿ ತಂದ ಒಡಕು ಭೂತಗನ್ನಡಿಯನ್ನು ಒಂದೊಂದು ಮುಖದ ಮೇಲೂ ನಿಲ್ಲಿಸುತ್ತಿದ್ದಳು. ಒಂದು ಸಲ ಬಹಳ ಹಿಂದಿನ ಯಾವುದೋ ಬಂದರಿನ ಬೆಂಕಿಯ ಫೋಟೋ ನೆನಪಿಗೆಂದು ಪೇಪರಿನಲ್ಲಿ ಮತ್ತೆ ಬಂದಿತ್ತು. “ಅವ್ವಾ, ಇದು ಸುಜಾತಾ ಹುಟ್ಟೂಕಿಂತ ಮೊದಲಿಂದು. ಅಪ್ಪನೂ ಆಗ ಸಣ್ಣಾಂವ ಇದ್ದ” ಎಂದು ರೇಗಿದೆ. ಅವಳು ಕನ್ನಡಿ ಸರಿಸಲಿಲ್ಲ. “ಇದ್ರ ಇರ್ಲಿ ಬಿಡು. ಇವ್ರನ್ನೂ ಯಾರರೇ ಹುಡುಕಿರಬೇಕಲ್ಲ” ಎಂದಳು.

ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದೆನೋ. ಅಪ್ಪ ತೀರಿಕೊಂಡಾಗ ಒಮ್ಮೆ, ನರ್ಸಿಂಗ್ ಮುಗಿಸಿ ಕೆಲಸ ಸಿಕ್ಕಾಗ ಒಮ್ಮೆ, ನನ್ನ ಮಗ ಹುಟ್ಟಿದಾಗ ಒಮ್ಮೆ. ಅವ್ವನನ್ನು ಆಳಂದಕ್ಕೆ ಕರೆತಂದ ಮೇಲೆ ದಿನಾ ಕಣ್ಣೆದುರೇ ಇದ್ದಳು, ಆದರೂ ಆಗಲಿಲ್ಲ. ಭೂಸನೂರದ ಕಡೆ ಕಬ್ಬು ಕಡಿದ ಹೊಲಗಳಲ್ಲಿ ಉಳಿದ ಒಣ ರವದಿಗೆ ಬೆಂಕಿ ಹಚ್ಚುವ ದಿನಗಳಲ್ಲಿ ಅವಳನ್ನು ಬಸ್ಸಿನಲ್ಲಿ ಕರೆದೊಯ್ದರೆ ಕಿಟಕಿಯ ಕಡೆ ನೋಡದೆ ನನ್ನ ಕೈ ಹಿಡಿದು ಕೂರುತ್ತಿದ್ದಳು. ಫೋಟೋದ ಬೆಂಕಿಗೆ ಹೆದರದವಳು ನಿಜದ ಹೊಗೆಗೆ ನಡುಗುತ್ತಿದ್ದಳು. ಈಚೆಗೆ ನನ್ನ ಮಗ ಮೊಬೈಲಿನಲ್ಲಿ ಹಳೆಯ ಮುಂಬಯಿಯ ಬೆಂಕಿ ಅನಾಹುತಗಳ ಫೋಟೋಗಳನ್ನು ಸಾಲಾಗಿ ತೋರಿಸಿದಾಗ, ಎರಡು ಬೆರಳಿನಿಂದ ಚಿತ್ರ ಹಿಗ್ಗಿಸುವುದನ್ನು ಒಂದೇ ದಿನಕ್ಕೆ ಕಲಿತುಬಿಟ್ಟಳು. ಜೇವರ್ಗಿಯಿಂದ ರತ್ನಾ ಆಗಾಗ ಬಂದು ಹೋಗುತ್ತಿದ್ದಳು. ಮೊಮ್ಮಕ್ಕಳನ್ನು ಕಂಡ ಹೆಂಗಸು ಈಗ ಅವಳು. ಅವ್ವ ಅವಳನ್ನು ಒಂದು ದಿನವೂ ಸುಜಾತಾ ಎಂದು ಕರೆಯಲಿಲ್ಲ, ಇಬ್ಬರ ಮುಖಗಳೂ ಅವಳಿಗೆ ಬೇರೆಬೇರೆಯಾಗಿ ನೆನಪಿದ್ದವು. ಕೆಟ್ಟದ್ದು ನನ್ನ ತಲೆ. ತಂಗಿಯನ್ನು ನೆನೆದು ಅಳುವಾಗ ನನಗೆ ಕಾಣುವುದು ಗೋಡೆಯ ಮೇಲಿನ ಮುಖವೇ. ಅಂದರೆ ರತ್ನಾಳದು. ನನ್ನ ಜಡೆ ಹಿಡಿದು ಮಲಗುತ್ತಿದ್ದವಳ ಮುಖ ಹೇಗಿತ್ತೆಂದು ನನಗೆ ಗೊತ್ತಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಈ ಚಳಿಗಾಲದಲ್ಲಿ ಅವ್ವ ಹಾಸಿಗೆ ಹಿಡಿದಳು. ಒಂದು ಬೆಳಿಗ್ಗೆ ಅಂಗಳದ ಬಿಸಿಲಿಗೆ ಹೊರಸು ಹಾಕಿ ಮಲಗಿಸಿ ಗಂಜಿ ಕುಡಿಸುತ್ತಿದ್ದೆ. ಎರಡು ಚಮಚ ಕುಡಿದು ಬಾಯಿ ಮುಚ್ಚಿದಳು. “ನಾ ಹೋದಮ್ಯಾಲೆ ಫೋಟೋ ನೋಡೂದು ಬಿಡಬ್ಯಾಡ. ಆಕಿ ಬರ್ತಾಳ” ಎಂದಳು. ಇನ್ನು ತಡೆಯಲು ಆಗಲಿಲ್ಲ. ಸುಳ್ಳನ್ನು ಅವಳ ಜೊತೆ ಕಳಿಸುವುದೂ ಆಗದು, ಅವಳ ಕೆಲಸವನ್ನು ಹೊತ್ತುಕೊಳ್ಳುವುದೂ ಆಗದು.

“ಅವ್ವಾ, ಅವತ್ತ ನಾ ಕೊಂಡಿ ಹಾಕಿದ್ದೆ.”

ಅವಳು ಕೇಳಿಸಿಕೊಂಡಳು.

“ಇಲ್ಲ. ಹಾಕಿದ್ದಿಲ್ಲ.”

“ನನ್ನ ಕೈಲೇ ಹಾಕಿದ್ದೆ ಅವ್ವಾ. ಖರೇ ಹೇಳಾಕತ್ತೇನಿ.”

“ಒಂಬತ್ತ ವರ್ಷದ ಪೋರಿಗಿ ಏನ್ ನೆನಪಿರ್ತದ? ಹಾಕು ಅಂತ ಹೇಳಿದಾಕಿ ನಾ. ನೀ ನನ್ನ ಮಾತು ಕೇಳಿದ್ದಿಲ್ಲ. ಅಷ್ಟ ಆಗಿದ್ದು.” ಸೊರಗಿದ ಕೈಯಿಂದ ನನ್ನ ಕೆನ್ನೆ ಒರೆಸಿದಳು. “ಗಂಜಿ ಆರಾಕತ್ತದ, ಕುಡಸು.”

ಕುಡಿಸಿದೆ. ಅವಳು ನಂಬಲಿಲ್ಲವೋ, ನಂಬಿಯೂ ನನ್ನನ್ನು ಉಳಿಸಿದಳೋ, ಕೊಂಡಿ ಹಾಕಲು ಕಲಿಸಿದ ತನ್ನನ್ನೇ ಉಳಿಸಿಕೊಂಡಳೋ, ಇಂದಿಗೂ ತಿಳಿಯದು. ಬೈದಿದ್ದರೆ ಒಳ್ಳೆಯದಿತ್ತು. ಶಾಪ ಹಾಕಿದ್ದರೂ ಒಳ್ಳೆಯದಿತ್ತು. ಕ್ಷಮಿಸು ಎಂದು ಕೇಳಲು ಜಗತ್ತಿನಲ್ಲಿ ನನಗಿದ್ದವಳು ಅವಳೊಬ್ಬಳೇ. ಅವಳು ತಪ್ಪೇ ಆಗಿಲ್ಲ ಎಂದುಬಿಟ್ಟಳು. ಹತ್ತು ದಿನದ ಮೇಲೆ ಹೋಗಿಯೂಬಿಟ್ಟಳು.

ಪುಣ್ಯಾನುಮೋದನೆಯ, ಅಂದರೆ ತೀರಿಕೊಂಡವರ ನೆನಪಿಗೆ ನಮ್ಮಲ್ಲಿ ಮಾಡುವ ಕಾರ್ಯದ, ಕಾರ್ಡು ಮಾಡಿಸಲು ಬಸ್ ಸ್ಟ್ಯಾಂಡಿನ ಹತ್ತಿರದ ಪ್ರಿಂಟಿಂಗ್ ಅಂಗಡಿಗೆ ಹೋದೆ. ಅಂಗಡಿಯವರು ನನ್ನನ್ನು ಆಸ್ಪತ್ರೆಯಲ್ಲಿ ನೋಡಿ ಬಲ್ಲವರು. ಅವ್ವನ ಹೆಸರು, ಊರು ಎಲ್ಲ ಕಂಪ್ಯೂಟರಿನಲ್ಲಿ ಹೊಡೆದುಕೊಂಡು, “ಮಕ್ಕಳ ಹೆಸರು ಹೇಳ್ರಿ ಸಿಸ್ಟರ್” ಎಂದರು. ಕಮಲಾ ಎಂದು ನನ್ನ ಹೆಸರು ಹೇಳಿದೆ. ಅವರ ಬೆರಳು ಮುಂದಿನ ಸಾಲಿಗೆ ಹೋಗುತ್ತಿತ್ತು. ತಡೆದು, ಸುಜಾತಾ ಎಂದು ಬರೆಸಿದೆ. ಅಕ್ಷರ ಸರಿಯಿದೆಯೇ ಎಂದು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಸರಿಯಾಗಿತ್ತು.

“ತಂಗೀರೇನ್ರಿ? ನಮಗ ಗೊತ್ತೇ ಇದ್ದಿಲ್ಲ. ಎಲ್ಲಿರ್ತಾರ್ರಿ?”

“ಬೊಂಬಾಯಿದಾಗ್ರಿ.”

“ಅವ್ವಾರ ಮಣ್ಣಿಗಿ ಬಂದಿದ್ರೇನ್ರಿ?”

“ಇಲ್ರಿ” ಎಂದೆ. “ಆಕಿಗಿ ಇನ್ನಾ ಸುದ್ದಿ ಮುಟ್ಟಿಲ್ಲ.”