ಕಲ್ಮಿಕ್ ಅಜ್ಜಿಯ ಅಪ್ಪ ಬರೆದ ಪಟ್ಟಿ

ಆಗ ನನಗೆ ಹನ್ನೊಂದು ವರ್ಷ. ಸರ್ಕಾರ ಅಂದರೆ ಚಾರ್ಟ್ ಪೇಪರಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಎಳೆದ ಚೌಕಗಳು, ಅಷ್ಟೇ ಅಂದುಕೊಂಡಿದ್ದ ಕಾಲ. ಸಿಂಗಾಪುರದ ಹೌಗಾಂಗ್‌ನ ನಮ್ಮ ಬ್ಲಾಕಿನಲ್ಲಿ ನಾವು ಆರನೇ ಮಹಡಿ, ನನ್ನ ಕ್ಲಾಸ್‌ಮೇಟ್ ಸಾಗ್ಲಾರ್ ಒಂಬತ್ತನೆಯದು. ರಷ್ಯಾದ ಕಲ್ಮಿಕ್ ಜನ ಅವರು, ಮಂಗೋಲ್ ಮೂಲದವರು. 2013ರ ಜೂನ್ ರಜೆಗೆ ಅವಳ ಅಜ್ಜಿ ಬಂದಿದ್ದರು. ಮುಖ ನೋಡಿ ಮಾರ್ಕೆಟ್ಟಿನ ಆಂಟಿಯರೆಲ್ಲ ಚೀನೀ ಭಾಷೆಯಲ್ಲೇ ಮಾತಾಡಿಸುತ್ತಿದ್ದರು. ಅಜ್ಜಿ ಸುಮ್ಮನೆ ತಲೆಯಾಡಿಸಿ ಸೊಪ್ಪು ಕೊಳ್ಳುತ್ತಿದ್ದರು. ಅವರ ಟೀಗೆ ಉಪ್ಪು, ಬೆಣ್ಣೆ ಬೀಳುತ್ತಿತ್ತು. "ಅಯ್ಯೋ ಶಿವನೇ, ಟೀಗೆ ಉಪ್ಪಾ?" ಎಂದು ನಮ್ಮಮ್ಮ ಮುಖ ಸಿಂಡರಿಸಿದ್ದಳು. ನಾನು ಮಾತ್ರ ಎರಡೆರಡು ಬಟ್ಟಲು ಕುಡಿಯುತ್ತಿದ್ದೆ.

ಸ್ಕೂಲಿನ ಪ್ರಾಜೆಕ್ಟಿಗೆ ಒಂದು ಜಾಗದ ಆಡಳಿತ ತೋರಿಸಬೇಕಿತ್ತು. ನಾವು ಸೋವಿಯತ್ ಕಾಲದ ಕಲ್ಮಿಕ್ ಸ್ವಾಯತ್ತ ಗಣರಾಜ್ಯ ಹಿಡಿದೆವು. ಸಂವಿಧಾನ, ಮಂತ್ರಿಗಳು, ಹಳ್ಳಿ ಕೌನ್ಸಿಲ್ಲು, ಒಂದೊಂದಕ್ಕೂ ಚೌಕ. ಅಜ್ಜಿ ಕೊನೆಯ ಚೌಕದ ಮೇಲೆ ಬೆರಳಿಟ್ಟು ರಷ್ಯನ್‌ನಲ್ಲಿ ಏನೋ ಅಂದರು.

"ಅವರಪ್ಪ ಇಲ್ಲಿ ಗುಮಾಸ್ತರಾಗಿದ್ರಂತೆ," ಎಂದಳು ಸಾಗ್ಲಾರ್.

"ವಾವ್, ಗವರ್ನ್‌ಮೆಂಟ್ ಲಾ! ಏನ್ ಕೆಲ್ಸ ಮಾಡ್ತಿದ್ರು, ಕೇಳೇ!" ಎಂದು ಸಿಂಗಾಪುರದವರ 'ಲಾ' ಸೇರಿಸಿ ಕುಣಿದೆ.

ಪಟ್ಟಿ ಬರೆಯುತ್ತಿದ್ದರಂತೆ. ಯಾವ ಮನೆಯಲ್ಲಿ ಎಷ್ಟು ಜನ, ಯಾರಿಗೆಷ್ಟು ವಯಸ್ಸು. ಎರಡನೇ ಮಹಾಯುದ್ಧದ ನಡುವೆ, 1943ರ ಚಳಿಗಾಲದಲ್ಲಿ, ಸೋವಿಯತ್ ಸೈನಿಕರೇ ಬಂದು ಮನೆಮನೆಯಲ್ಲಿ ಇಳಿದುಕೊಂಡರು. ಅಜ್ಜಿಯ ಅಮ್ಮ ಅವರಿಗೂ ಟೀ ಕಾಯಿಸಿಕೊಟ್ಟಳು. ಆಫೀಸರು ಹೊಸ ಪಟ್ಟಿ ಕೇಳಿದ. ಕಂಬಳಿ ಹಂಚುತ್ತಾರೆಂದುಕೊಂಡ ಅಪ್ಪ, ಹುಟ್ಟಿ ಇಪ್ಪತ್ತು ದಿನವಾಗಿದ್ದ ಕೂಸಿಗೂ, ಅಂದರೆ ಅಜ್ಜಿಯ ತಮ್ಮನಿಗೂ, ಒಂದು ಸಿಗಲಿ ಎಂದು ಅವನ ಹೆಸರನ್ನೂ ಸೇರಿಸಿದರು.

ಮೂರನೇ ದಿನ ಬೆಳಿಗ್ಗೆ, ಟೀ ಕುಡಿದ ಅದೇ ಸೈನಿಕರು ಬಾಗಿಲಲ್ಲಿ ನಿಂತು ಆ ಪಟ್ಟಿ ಓದಿದರು. ಕಲ್ಮಿಕರು ಶತ್ರುವಿಗೆ ನೆರವಾದರೆಂಬ ಆರೋಪ; ಗಣರಾಜ್ಯ ರದ್ದು, ಎಲ್ಲರೂ ಸೈಬೀರಿಯಾಕ್ಕೆ. ಕೂಸಿನ ಹೆಸರನ್ನೂ ಕೂಗಿದರಂತೆ. ದನ ಸಾಗಿಸುವ ರೈಲಿನ ಡಬ್ಬಿಯಲ್ಲಿ, ಆರನೇ ದಿನ, ಕೂಸು ಹೋಯಿತು.

ಒಂದಿಡೀ ಸರ್ಕಾರವನ್ನು ಜನರ ಸಮೇತ ಒರೆಸಿಹಾಕುವುದುಂಟೇ? ಸಂವಿಧಾನ ಇತ್ತಲ್ಲ! ಈಗ ತಾನೇ ನಾನೇ ಬರೆದಿದ್ದೆನಲ್ಲ! ಆ ಗಾಬರಿಯಲ್ಲಿ, ನಾಚಿಕೆಗೆಟ್ಟವಳು, ಕೇಳಿಯೇ ಬಿಟ್ಟೆ: "ಪಟ್ಟೀಲಿ ಬರೀದೇ ಇದ್ದಿದ್ರೆ ಪಾಪು ಉಳೀತಿತ್ತು, ಅಲ್ವಾ?"

ಸಾಗ್ಲಾರ್ ಅದನ್ನು ಅಜ್ಜಿಗೆ ಹೇಳಬಾರದಿತ್ತು. ಹೇಳಿದಳು. ಅಜ್ಜಿ ನನ್ನನ್ನೇ ನೋಡುತ್ತ ಅಂದದ್ದನ್ನು ಅವಳೇ ನನಗೆ ತಿರುಗಿಸಿ ಹೇಳಿದಳು.

"ಅಮ್ಮನೂ ಅಪ್ಪನ್ನ ಇದನ್ನೇ ಕೇಳಿದ್ಲು. ಒಂದೇ ಸಲ. ಆಮೇಲೆ ಅಪ್ಪ ಸಾಯೋವರೆಗೂ ಪೆನ್ನು ಮುಟ್ಲಿಲ್ಲ."

ಸಾಗ್ಲಾರ್ ಅಳುತ್ತಲೇ ಚಾರ್ಟಿನ ಕೆಳಗೆ ಕೂಸಿನ ಹೆಸರು ಬರೆಯಲು ಹೋದಳು. ಅಜ್ಜಿ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ಬೇಡ ಮಗಳೇ. ಬರೀಬೇಡ."

ತಪ್ಪಾಯಿತು ಎನ್ನದೆಯೇ ನಾನು ನಮ್ಮ ಮನೆಗೆ ಇಳಿದುಬಂದೆ. ರಜೆ ಮುಗಿದು ಅಜ್ಜಿ ಊರಿಗೆ ಹೋದರು, ಎರಡು ವರ್ಷಕ್ಕೆ ತೀರಿಕೊಂಡರು. ಸಾಗ್ಲಾರ್‌ಳ ಮನೆಯವರೂ ಸಿಂಗಾಪುರ ಬಿಟ್ಟರು. ಅವಳ ನಂಬರೂ ನನ್ನಲ್ಲಿಲ್ಲ. ಆ ಕೂಸಿನ ಹೆಸರು ಹೇಳುವವರು ಇನ್ನು ಯಾರಿದ್ದಾರೋ ತಿಳಿಯದು. ಬೇಡ ಅಂದಿದ್ದಿರಿ ಅಜ್ಜಿ, ಕ್ಷಮಿಸಿ. ಅವನ ಹೆಸರು ಬಾತರ್.