ಬೋರ್ಡಿನ ಖಾಲಿ ಅರ್ಧ

ನಮ್ಮೂರ ಶರಣರಿಗೆ ಹೆಸರಿಲ್ಲ. ಎಲ್ಲಿಂದ ಬಂದರೋ ಯಾರಿಗೂ ಗೊತ್ತಿಲ್ಲ. ಉಳವಿಗೆ ಹೊರಟಿದ್ದರಂತೆ, ಸಾಂಬ್ರಾಣಿ ಊರು ದಾಟಿದ ಮೇಲೆ ಎತ್ತು ಬಾಯಾರಿ ಬಿತ್ತಂತೆ, ಬೆತ್ತ ಊರಿದರಂತೆ, ನೀರು ಚಿಮ್ಮಿತಂತೆ. ಎತ್ತಿನ ಹೆಗಲ ಹುಣ್ಣೂ ಆ ನೀರಿಗೆ ಮಾಯಿತಂತೆ. ಭತ್ತದ ಗದ್ದೆಯ ಕೆಳಗೆ ನೀರು ಜಿನುಗದೆ ಇನ್ನೇನು ಎಣ್ಣೆ ಜಿನುಗೀತೇ? ಇದನ್ನು ನಾನು ಊರಿಗೆಲ್ಲ ಕೇಳುವಂತೆ ಎಷ್ಟೋ ಸಲ ಹೇಳಿದ್ದೇನೆ. ಹಳಿಯಾಳದಲ್ಲಿ ಮಾಸ್ತರಿಕೆ ಮಾಡುವವನು ನೋಡಿ, ಹೇಳದಿದ್ದರೆ ತಿಂದ ಅನ್ನ ಅರಗುತ್ತಿರಲಿಲ್ಲ.

ಆದರೂ ಸೆಲೆಯ ಪಕ್ಕ ಬೋರ್ಡು ನಿಲ್ಲಿಸುವಾಗ ಕಮಿಟಿಯವರು ನನ್ನನ್ನೇ ಹುಡುಕಿಕೊಂಡು ಬಂದರು. ದುಂಡಗೆ ಬರೆಯುವವನು ಊರಿಗೆ ನಾನೊಬ್ಬನೇ. ನೀಲಿ ಬಳಿದ ದೊಡ್ಡ ತಗಡು, ಹಳದಿ ಬಣ್ಣದ ಡಬ್ಬಿ. ಕಥೆ ಐದು ಸಾಲಿಗೆ ಮುಗಿಯಿತು, ಅರ್ಧ ತಗಡು ಖಾಲಿ. ಕಮಿಟಿಯ ಹಿರಿಯರಾದ ಕಿರಾಣಿ ಅಂಗಡಿಯವರು, ಖಾಲಿ ಬಿಟ್ಟರೆ ಚಂದ ಕಾಣುವುದಿಲ್ಲ, ಏನಾದರೂ ತುಂಬಿರಿ ಎಂದರು. ಇವರ ಭಕ್ತಿಯ ಯೋಗ್ಯತೆ ಇಷ್ಟೇ ಅಂದುಕೊಂಡು, ಒಳಗೊಳಗೇ ನಗುತ್ತ ತುಂಬಿದೆ: ‘ಒಂಬತ್ತು ಸೋಮವಾರ ಇಲ್ಲಿ ತೊಳೆದರೆ ಎಂಥ ಹುಣ್ಣೂ ಮಾಯುವುದು. ಅಲ್ಲಿಯವರೆಗೆ ಬೇರೆ ಔಷಧ ಮುಟ್ಟಬಾರದು.’

ಇದು ಎಲ್ಲಿಂದ ಬಂತೆಂದು ಒಬ್ಬರೂ ಕೇಳಲಿಲ್ಲ. ಕೆಲವೇ ತಿಂಗಳಲ್ಲಿ ಅದೇ ಕಿರಾಣಿಯವರು, ಈ ಮಾತನ್ನು ತಮ್ಮ ಮುತ್ತಜ್ಜ ಹೇಳುತ್ತಿದ್ದರೆಂದು ನನ್ನ ಮುಂದೆಯೇ ಹೇಳಿದರು. ಶಾಲೆಯಲ್ಲಿ ಉಳಿದ ಮಾಸ್ತರರಿಗೆ ಅದನ್ನು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಆ ನಗು ನೆನಪಾದರೆ ಈಗ ನನ್ನ ಮುಖಕ್ಕೆ ನಾನೇ ಉಗಿಯಬೇಕೆನಿಸುತ್ತದೆ.

ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ದೊಡ್ಡವ್ವ. ಶಾಲೆಯ ಮೆಟ್ಟಿಲು ಹತ್ತದ ಅವಳು, ನಾನು ಪಾಟಿಯ ಮೇಲೆ ತಿದ್ದುವುದನ್ನು ನೋಡುತ್ತಲೇ ಓದಲು ಕಲಿತಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ. ಕಾಲ ಹೆಬ್ಬೆರಳಿಗೆ ಹುಣ್ಣಾದಾಗ ಗುಳಿಗೆ, ಮುಲಾಮು ಕೊಡಿಸಿ ಹಳಿಯಾಳಕ್ಕೆ ಮರಳಿದೆ. ಪರೀಕ್ಷೆಯ ಗಡಿಬಿಡಿಯಲ್ಲಿ ಎರಡು ತಿಂಗಳು ಊರ ಕಡೆ ತಲೆ ಹಾಕಲಿಲ್ಲ. ಹೋದಾಗ ಮನೆಯೊಳಗೆ ಕೊಳೆತ ವಾಸನೆ. ಗುಳಿಗೆಗಳು ಗೂಡಿನಲ್ಲಿ ಹಾಗೇ ಇದ್ದವು. ಏಳು ಸೋಮವಾರ ಮುಗಿದಿತ್ತು.

ಹುಬ್ಬಳ್ಳಿಯಲ್ಲಿ ಮೊಣಕಾಲ ಕೆಳಗೆ ಕಾಲು ತೆಗೆದರು. ಮರುವಾರ ನಾನು ನೀಲಿ ಬಣ್ಣ ಹಿಡಿದು ಆ ಎರಡು ಸಾಲು ಅಳಿಸಲು ಹೋದೆ. ಕಮಿಟಿಯವರು ಅಡ್ಡ ನಿಂತರು. ನಾನೇ ಕಟ್ಟಿದ ಸುಳ್ಳು ಅದು ಎಂದರೆ, ಹಿಂದಿನಿಂದ ಬಂದ ಮಾತನ್ನು ನೀವು ಹೇಗೆ ಕಟ್ಟುತ್ತೀರಿ ಎಂದು ನಕ್ಕರು. ಅಲ್ಲಿಯ ಸಿಟ್ಟನ್ನೆಲ್ಲ ಆಸ್ಪತ್ರೆಗೆ ತಂದು ದೊಡ್ಡವ್ವನ ಮೇಲೆ ಸುರಿದೆ. ಊರ ಮಂದಿಯ ಪೊಳ್ಳು ಕಥೆ ನಂಬಿ ಕಾಲು ಕಳೆದುಕೊಂಡೆಯಲ್ಲ, ನಿನಗಾದರೂ ಬುದ್ಧಿ ಬೇಡವೇ ಎಂದೆ.

ಅವಳು ಚಾದರ ಸರಿಮಾಡಿಕೊಂಡಳು.

“ಊರ ಮಂದಿ ಮಾತು ನಾ ಯಾವಾಗ ಕೇಳೇನಿ? ಆ ಶರಣರು ಬಂದಿದ್ರೋ ಇಲ್ಲೋ, ಅದೂ ನನಗ ಗೊತ್ತಿಲ್ಲಪಾ,” ಅಂದಳು. “ಬೋರ್ಡಿನ ಮ್ಯಾಲ ನಿನ್ನ ಅಕ್ಷರ ಇತ್ತು. ನೀ ಸುಳ್ಳ ಬರಿಯೂದಿಲ್ಲಂತ ನಂಬಿದ್ನಿ.”